ಏಳನೇ ನಂಬರಿನ ಜಾಕೆಟ್

"ಅದನ್ನ ಅಮುಕಬೇಡ, ಹಾಗೇ ಎತ್ತು," ಎಂದರು ಅತ್ತಿಗೆ.

ಒಳಗಿದ್ದ ಅವರ ಗಂಡ ಗಾಳಿಯಣ್ಣನ ಶವವನ್ನು ಮುಂದಿನ ಕೋಣೆಗೆ ತರಲು ಜಾಗ ಬೇಕಿತ್ತು. ಲಾಂಚ್ ಚಾಲಕ ಮೇಜು ಖಾಲಿ ಮಾಡುತ್ತಿದ್ದ. ತೂಕದ ಪುಟ್ಟ ಯಂತ್ರ, ಕೈಪಂಪು, ಒರೆಸುವ ಬಟ್ಟೆ ಎಲ್ಲವೂ ಕಿಟಕಿಯ ಕಟ್ಟೆ ಸೇರಿದ್ದವು. ಉಳಿದದ್ದು ಗಾಳಿ ತುಂಬಿ ಉಬ್ಬಿದ ಹಳದಿ ಲೈಫ್ ಜಾಕೆಟ್ ಒಂದೇ. ನಿನ್ನೆ ಬೆಳಿಗ್ಗೆ ಹನ್ನೊಂದಕ್ಕೆ ಅದಕ್ಕೆ ಪಂಪು ಹೊಡೆದು ಕುರ್ಚಿಗೆ ಒರಗಿದ ಗಾಳಿಯಣ್ಣ ಮತ್ತೆ ಏಳಲಿಲ್ಲ. ತುಂಬಿದ ಜಾಕೆಟ್ ಇಡೀ ಒಂದು ದಿನ ಹಾಗೇ ಇರಬೇಕು, ಮೆತ್ತಗಾದರೆ ಎಲ್ಲೋ ಸೋರುತ್ತಿದೆ ಎಂದರ್ಥ. ದಿನ ತುಂಬಲು ಇನ್ನೂ ಅರ್ಧ ಗಂಟೆಯಿತ್ತು. ಶವದ ಗಾಡಿ ಬರುವುದೂ ಹನ್ನೊಂದಕ್ಕೇ.

ಜಾಕೆಟ್ಟಿನ ಬೆನ್ನಿನ ಮೇಲೆ ಏಳು ಎಂದು ಬರೆದಿತ್ತು. ಅದು ಚಾಲಕನದೇ. ಉಗ್ರಾಣದಲ್ಲಿ ಲಾಂಚಿನ ಜಾಕೆಟ್‌ಗಳನ್ನು ಪರೀಕ್ಷಿಸುವ ಗಾಳಿಯಣ್ಣನ ಕೆಲಸ ಹೋದ ಮೇಲೂ ಅವನು ವರ್ಷಕ್ಕೊಮ್ಮೆ ಅದನ್ನು ಇಲ್ಲಿಗೇ ತರುತ್ತಿದ್ದ. ಹಳೆಯ ಸ್ನೇಹ ಮರೆಯದವನು ಎಂದು ಅತ್ತಿಗೆ ಪ್ರತಿ ಸಲವೂ ಹೊಗಳುತ್ತಿದ್ದರು, ಅವನು ಪ್ರತಿ ಸಲವೂ ತಲೆ ತಗ್ಗಿಸಿಕೊಂಡು ಚಹಾ ಕುಡಿಯುತ್ತಿದ್ದ.

ಶವವನ್ನು ಮಲಗಿಸಿದ ಮೇಲೆ ಜನ ಗೋಡೆಗುಂಟ ಕುರ್ಚಿಗಳಲ್ಲಿ ಕೂತರು. ಎಂಜಿನ್ ಮೇಸ್ತ್ರಿ ಸುಮ್ಮನಿರುವ ಜೀವವಲ್ಲ. ಬಾಯಲ್ಲೇ ಊದಿಬಿಡಿ ಅಂದರೆ ಗಾಳಿಯಣ್ಣ ಸಿಡುಕುತ್ತಿದ್ದುದನ್ನು ನೆನೆದ. ಉಸಿರಿನ ತೇವ ಒಳಗೆ ಉಳಿದು ಕೊಳೆಯುತ್ತದೆ ಅನ್ನುವುದು ಅವರ ಪಾಠ. ಕೊಳೆಯೋ ಹೊಟ್ಟೆ ನನ್ನದೊಂದೇ ಸಾಕು, ಜಾಕೆಟ್ಟಿಗೂ ಬೇಡ ಅನ್ನುತ್ತಿದ್ದರಂತೆ. ನಾಲ್ಕು ಜನ ನಕ್ಕರು, ಸಾವಿನ ಮನೆ ಎಂದು ನೆನಪಾಗಿ ಕೆಮ್ಮಿದರು.

"ಅಷ್ಟು ಅಚ್ಚುಕಟ್ಟಿನ ಮನುಷ್ಯ. ಅದೊಂದು ಸಲ ಎಡವಿದ್ರು, ಪಾಪ," ಎಂದ ಮೇಸ್ತ್ರಿ.

ಹೌದೌದು ಎಂದು ಎಲ್ಲರೂ ತಲೆಯಾಡಿಸಿದರು. ಮೂವತ್ತು ವರ್ಷದ ಕೆಲಸದಲ್ಲಿ ಊರಿಗೆ ನೆನಪಿರುವುದು ಅದೊಂದೇ. ಜಾಕೆಟ್ಟನ್ನು ತೊಡೆಯ ಮೇಲಿಟ್ಟುಕೊಂಡಿದ್ದ ಚಾಲಕನೂ ತಲೆಯಾಡಿಸಿಬಿಟ್ಟ. ಆಡಿಸಿದ ಮೇಲೆ ತನ್ನ ಕುತ್ತಿಗೆಯ ಮೇಲೇ ಅವನಿಗೆ ಹೇಸಿಗೆಯಾಯಿತು.

*

ಒಂಬತ್ತು ವರ್ಷದ ಹಿಂದಿನ ಮಾತು. ಚಾಲಕನ ಅಕ್ಕನ ಮಕ್ಕಳು ಲಾಂಚ್ ನೋಡಲು ಬಂದಿದ್ದರು. ಮಾವ ಎಂಥಾ ಶೂರ ಎಂದು ತೋರಿಸಬೇಕಿತ್ತು. ಏಳನೇ ನಂಬರಿನ ಜಾಕೆಟ್ ತೊಟ್ಟು ದಾರ ಎಳೆದ. ಒಳಗಿನ ಪುಟ್ಟ ಗ್ಯಾಸ್ ಸಿಲಿಂಡರ್ ಒಡೆದು ಜಾಕೆಟ್ ಬುಸ್ಸೆಂದು ಉಬ್ಬಿ ಅವನ ಗಲ್ಲಕ್ಕೇ ಗುದ್ದಿತು. ಮಕ್ಕಳು ಬಿದ್ದು ಬಿದ್ದು ನಕ್ಕವು.

ಹೊಸ ಸಿಲಿಂಡರ್ ಬೇಕೆಂದರೆ ಉಗ್ರಾಣಕ್ಕೆ ಹೋಗಬೇಕು, ಹೋದರೆ ಗಾಳಿಯಣ್ಣ ಜನ್ಮ ಜಾಲಾಡುತ್ತಾರೆ. ನಾಳೆ ಹೇಳಿದರಾಯಿತು ಎಂದುಕೊಂಡ ಚಾಲಕ ಗಾಳಿ ಬಿಟ್ಟು, ಮಡಚಿ, ಒಡೆದ ಸಿಲಿಂಡರನ್ನೇ ತಿರುಗಿಸಿ ಕೂರಿಸಿದ. ಹೊರಗಿನಿಂದ ನೋಡಿದರೆ ತುಂಬಿದ್ದೂ ಖಾಲಿಯೂ ಒಂದೇ ಥರ. ತೂಕದಲ್ಲಷ್ಟೇ ವ್ಯತ್ಯಾಸ.

ಆ ನಾಳೆಗೆ ಬಂದವನು ತಪಾಸಣೆಯ ಅಧಿಕಾರಿ. ಏಳನೆಯದರ ಸಿಲಿಂಡರನ್ನೇ ಬಿಚ್ಚಿ ತೂಗಿದ, ಖಾಲಿ. ಗಾಳಿಯಣ್ಣ ಬಾಯಿ ಬಿಡಲಿಲ್ಲ, ಬೆವರು ಒರೆಸಿಕೊಂಡರು ಅಷ್ಟೇ. ವಾರದೊಳಗೆ ಅವರನ್ನು ಮನೆಗೆ ಕಳಿಸಿದರು. ಎರಡು ಹೆಜ್ಜೆ ದೂರದಲ್ಲಿ ನಿಂತಿದ್ದ ಚಾಲಕ ತನ್ನ ಚಪ್ಪಲಿ ನೋಡುತ್ತಿದ್ದ. ಗಾಳಿಯಣ್ಣನಿಗೆ ನಿಜ ಗೊತ್ತು, ತನ್ನ ಮೇಲಿನ ಅಕ್ಕರೆಗೆ ಸುಮ್ಮನಿದ್ದಾರೆ ಎಂದು ಅವನು ನಂಬಿದ. ಆ ನಂಬಿಕೆಯ ಆಸರೆಯಲ್ಲೇ ಒಂಬತ್ತು ವರ್ಷ ನಿದ್ದೆ ಮಾಡಿದ್ದ.

*

ಹನ್ನೊಂದಕ್ಕೆ ಐದು ನಿಮಿಷವಿದ್ದಾಗ ಅತ್ತಿಗೆ ಪಕ್ಕದಲ್ಲಿ ಬಂದು ಕೂತರು. ಜಾಕೆಟ್ಟಿನ ಸಿಲಿಂಡರನ್ನು ಅವನ ಅಂಗೈಯಲ್ಲಿಟ್ಟು, ಇದನ್ನೂ ತೂಗಿ ಇಟ್ಟಿದ್ದಾರೆ, ಎರಡು ಸಲ, ಎಂದರು.

"ಎರಡು ಸಲ ಯಾಕೆ ಅತ್ತಿಗೆ?"

"ಆವತ್ತಿಂದ ಹಾಗೇ. ಪರೀಕ್ಷೆಗೆ ಒಡೆದಿದ್ದನ್ನೇ ಮರೆತು ಹಾಕಿಬಿಟ್ಟೆ, ನನ್ನ ಕೈನ ನಾನೇ ನಂಬೋ ಹಾಗಿಲ್ಲ ಅನ್ನೋರು. ಒಲೆ ಆರಿಸಿದ್ದನ್ನೂ ಎರಡು ಸಲ ನೋಡೋರು. ಬಾಗಿಲ ಚಿಲಕ ಎರಡು ಸಲ. ನನಗೇ ರೇಗೋದು ಒಂದೊಂದ್ಸಲ."

ಚಾಲಕ ಸಿಲಿಂಡರನ್ನು ಮುಷ್ಟಿಯಲ್ಲಿ ಹಿಡಿದ. ಗಾಳಿಯಣ್ಣನಿಗೆ ಗೊತ್ತೇ ಇರಲಿಲ್ಲ. ಇವನು ಕ್ಷಮೆ ಎಂದುಕೊಂಡದ್ದು ಕ್ಷಮೆಯಲ್ಲ, ಒಬ್ಬ ಒಳ್ಳೆಯ ಕೆಲಸಗಾರ ತನ್ನ ಮೇಲೆ ತಾನೇ ನಂಬಿಕೆ ಕಳೆದುಕೊಂಡದ್ದು. ಹೊರಗೆ ಗಾಡಿ ಬಂದು ನಿಂತ ಸದ್ದಾಯಿತು. ಈಗ ಹೇಳದಿದ್ದರೆ ಆ ತಪ್ಪು ಅವರ ಹೆಸರಿನಲ್ಲೇ ಮಣ್ಣಾಗುತ್ತದೆ.

"ಅತ್ತಿಗೆ, ಅದನ್ನ ಒಡೆದಿದ್ದು ನಾನು. ಮಕ್ಕಳ ಮುಂದೆ ಮೆರೆಯೋಕೆ. ಖಾಲಿದನ್ನ ವಾಪಸ್ ಹಾಕಿದ್ದೂ ನಾನೇ."

ಮೇಸ್ತ್ರಿಯ ಬಾಯಿ ತೆರೆದಲ್ಲೇ ನಿಂತಿತು. ಎಲ್ಲರ ಕಣ್ಣೂ ಚಾಲಕನ ಮೇಲಿತ್ತು, ಅವನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅತ್ತಿಗೆ ಬೈಯಲಿಲ್ಲ, ಅಳಲೂ ಇಲ್ಲ. ಎದ್ದು ಹೋಗಿ ಗಂಡನ ಕಿವಿಯ ಹತ್ತಿರ ಬಗ್ಗಿದರು.

"ಕೇಳಿಸ್ತೇನ್ರೀ? ನಿಮ್ಮ ಕೈ ತಪ್ಪಿರಲಿಲ್ಲವಂತೆ."

ಆಮೇಲೆ ಚಾಲಕನತ್ತ ತಿರುಗಿದರು.

"ಬಾ ಇಲ್ಲಿ. ಅವರು ಒಂದು ಸಲಕ್ಕೆ ನಂಬಲ್ಲ. ಇನ್ನೊಂದ್ಸಲ ನೀನೇ ಹೇಳು."

ಚಾಲಕ ಎದ್ದ. ಜಾಕೆಟ್ಟನ್ನು ಎಲ್ಲಿಡಬೇಕೆಂದು ತಿಳಿಯದೆ ಎದೆಗೆ ಅವಚಿಕೊಂಡೇ ಬಗ್ಗಿದ. ಗೋಡೆಯ ಗಡಿಯಾರದಲ್ಲಿ ಹನ್ನೊಂದಾಗಿತ್ತು. ಅವನ ಎದೆಗೂ ಆ ತಣ್ಣನೆಯ ಭುಜಕ್ಕೂ ನಡುವೆ ಸಿಕ್ಕಿಕೊಂಡ ಜಾಕೆಟ್, ನಿನ್ನೆ ತುಂಬಿದಷ್ಟೇ ಬಿಗಿಯಾಗಿ, ಅವನನ್ನು ಹತ್ತಿರ ಬಿಡದೆ ತಡೆದು ನಿಂತಿತ್ತು.