ಗಿರಮಿಟ್ ತುಂಬಿದ ತಪ್ಪು

ನಾನು ಒಂದು ತಪ್ಪು. ಕೈತಪ್ಪಿ ಆದದ್ದಲ್ಲ, ಬೇಕೆಂದೇ ಮಾಡಿದ್ದು. ಹುಬ್ಬಳ್ಳಿಯಲ್ಲಿ ಬಸ್ ನಿಲ್ದಾಣಗಳಿಗೆ ದೀಪದ ಬೋರ್ಡು ಮಾಡುವ ಸಣ್ಣ ಕಂಪನಿಯೊಂದರಲ್ಲಿ ನೀಲಾಂಬಿಕಾ ಮೇಡಂ ನನ್ನನ್ನು ಬರೆದರು. ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವ ಅವರ ಸಿ ಕಂಪೈಲರ್, ಬೋರ್ಡಿನ ಪ್ರತಿ ಸಾಲಿನ ಮುಂದೆ ಅದರ ಉದ್ದವನ್ನು ಬರೆದಿಡುತ್ತದೆ. ಆ ಪುಟ್ಟ ಜಾಗದಲ್ಲಿ ಇನ್ನೂರೈವತ್ತೈದರವರೆಗೆ ಮಾತ್ರ ಹಿಡಿಸುತ್ತದೆ. ಒಂದು ಅಕ್ಷರ ಹೆಚ್ಚಾದರೂ ಹಳೇ ಸ್ಕೂಟರಿನ ಮೀಟರಿನಂತೆ ಸೊನ್ನೆಗೆ ತಿರುಗಿ, ಬೋರ್ಡು ಖಾಲಿಯಾಗುತ್ತದೆ. ಅದಕ್ಕೇ ಕಂಪೈಲರ್ ಮೊದಲೇ 'ಎರರ್' ಎಂದು ಬೈದು ತಡೆಯಬೇಕು. ಬೈಯುತ್ತದೆಯೇ ಎಂದು ದಿನವೂ ಪರೀಕ್ಷಿಸಲು ನಾನು ಹುಟ್ಟಿದೆ, ನಡುವಿನ ತೆರಪೂ ಸೇರಿ ಸರಿಯಾಗಿ ಇನ್ನೂರೈವತ್ತಾರು ಅಕ್ಷರಗಳ ಒಂದು ಸಾಲಾಗಿ. ಮೇಡಂಗೆ ಆಗ ಹಸಿವಾಗಿತ್ತು. ಹೀಗಾಗಿ ನನ್ನ ಮೈತುಂಬ ಇಂಗ್ಲಿಷ್ ಅಕ್ಷರಗಳಲ್ಲಿ ಗಿರಮಿಟ್, ಮಿರ್ಚಿ, ಗಿರಮಿಟ್, ಮಿರ್ಚಿ. ಹತ್ತೊಂಬತ್ತನೆಯ ಗಿರಮಿಟ್ 'ಎಂ' ಅಕ್ಷರಕ್ಕೆ ಬಂದು ನಿಂತಿತು, ಪಾಪ.

ದಿನವೂ ಬೈಸಿಕೊಂಡು ನಾನು ಸುಖವಾಗಿದ್ದೆ. ಆಮೇಲೆ ಫಕೀರೇಶ ಕೆಲಸಕ್ಕೆ ಸೇರಿದ. ಬಲು ಒಳ್ಳೆಯವನು, ಅದೇ ತೊಂದರೆ. ನನಗೆ ಬೈಗುಳ ಬೀಳುವುದನ್ನು ಕಂಡು ಮರುಗಿ, ಕೊನೆಯ 'ಎಂ' ಅಳಿಸಿಬಿಟ್ಟ. ಪರೀಕ್ಷೆಯಲ್ಲಿ ನನಗೆ ಬೈಗುಳ ಬರಲೇಬೇಕೆಂಬ ಷರತ್ತನ್ನೂ ತೆಗೆದ. ತಿಂಗಳ ನಂತರ ಕಂಪೈಲರನ್ನು ಚೊಕ್ಕಟ ಮಾಡಲು ಹೋಗಿ, ಉದ್ದ ನೋಡುವ ಭಾಗವನ್ನೇ ಕಿತ್ತುಹಾಕಿದ. ನನಗೆ ಎದೆ ಒಡೆಯಿತು, ಆದರೆ ಯಾರಿಗೆ ಹೇಳಲಿ? ಪರೀಕ್ಷೆಯಲ್ಲಿ ಎಲ್ಲರೂ ಪಾಸು, ನಾನೂ ಪಾಸು.

ಹೊಸ ನಿಲ್ದಾಣದಲ್ಲಿ ಬೋರ್ಡು ತೋರಿಸುವ ದಿನ ಬಂತು. ಮೇಡಂ ಊರುಗಳ ಪಟ್ಟಿ ಹಾಕಿದರು. ನನ್ನ ದುರದೃಷ್ಟಕ್ಕೆ ಅದೂ ಇನ್ನೂರೈವತ್ತಾರು ಅಕ್ಷರ. ಬೋರ್ಡು ಖಾಲಿ.

"ನಮ್ಮ ಬಸ್ಸು ಎಲ್ಲಿಗೂ ಹೋಗಂಗಿಲ್ಲೇನ್ರಿ?" ಎಂದರು ಡಿಪೋ ಮ್ಯಾನೇಜರು. "ನಾಲ್ಕು ಗಂಟೆಗೆ ಮಂತ್ರಿಗಳು ಬರ್ತಾರ. ಅಷ್ಟರಾಗ ಹತ್ತಲಿಲ್ಲಂದ್ರ ಬೋರ್ಡು ಬಿಚ್ಚಿಕೊಂಡು ಹೋಗ್ರಿ."

ಎರಡು ವರ್ಷದ ದುಡಿಮೆ ಬಿಚ್ಚಿಹೋಗುವುದರಲ್ಲಿತ್ತು. ಮೇಡಂ ಲ್ಯಾಪ್‌ಟಾಪಿನಲ್ಲಿ ಉದ್ದದ ಮೇಲೆ ಅನುಮಾನ ಬಂದು ನನ್ನನ್ನು ತೆರೆದು ಎಣಿಸಿದರು. ಒಂದು ಅಕ್ಷರ ಕಡಿಮೆ.

"ಫಕೀರೇಶ, ಇದರ ಎಂ ಎಲ್ಲಿ ಹೋತು?"

"ಎರರ್ ಬರ್ತಿತ್ರಿ ಮೇಡಂ. ತಗದೆ."

"ಬರಲಿ ಅಂತನ ಬರದಿದ್ನೆಪಾ."

ಅವರು 'ಎಂ' ಮರಳಿ ಹಚ್ಚಿ ಓಡಿಸಿದರು. ಕಂಪೈಲರ್ ತುಟಿ ಬಿಚ್ಚಲಿಲ್ಲ. ಕಳ್ಳ ಸಿಕ್ಕಿಬಿದ್ದ: ಉದ್ದ ನೋಡುವ ಭಾಗವೇ ಇರಲಿಲ್ಲ. ಫಕೀರೇಶ ಬೆವರೊರೆಸಿಕೊಳ್ಳುತ್ತ ಕಿತ್ತ ಭಾಗವನ್ನು ಮತ್ತೆ ಸೇರಿಸಿದ. ಕಂಪೈಲರ್ ನನಗೆ ಮನಸಾರೆ ಬೈಯಿತು. ಊರುಗಳ ಪಟ್ಟಿಗೂ ಬೈಯಿತು. ಮೇಡಂ ಪಟ್ಟಿಯನ್ನು ಎರಡು ಸಾಲು ಮಾಡಿದರು. ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಊರುಗಳೆಲ್ಲ ಬೆಳಗಿದವು. ಮಂತ್ರಿಗಳು ಆರಕ್ಕೆ ಬಂದರು.

ಈಗ ನನಗೆ ವಯಸ್ಸಾಗಿದೆ. ಹಳೆಯ ಫೋಲ್ಡರೊಂದರ ಮೂಲೆಯಲ್ಲಿದ್ದೇನೆ. ಮೊನ್ನೆ ಹೊಸಬರೊಬ್ಬರು ಕನಿಕರದಿಂದ ನನ್ನ ಬಾಲದ 'ಎಂ' ಅಳಿಸಲು ಕೈ ತಂದರು. ಪಕ್ಕದ ಕುರ್ಚಿಯಿಂದ ಫಕೀರೇಶ ಎದ್ದೇಬಿಟ್ಟ.

"ಮುಟ್ಟಬ್ಯಾಡ್ರಿ," ಎಂದ. "ಅದು ತಪ್ಪಾಗೇ ಇರಬೇಕು. ಅದು ತಪ್ಪಿದ್ರನ ನಾವು ಸರಿ ಇರ್ತೀವಿ."