ಲೆನ್ ಮುಳುಗಿದ ನೀರು

ಇಂಗ್ಲೆಂಡಿನ ಬಂದರು ಊರು ಫ್ಲೀಟ್‌ವುಡ್‌ನ ವಿಲ್ಫ್ ರಿಗ್ಬಿಗೆ ಒಂದೇ ಬ್ಯಾಂಕು. ಮೀನಿನ ಹಡಗಿನಲ್ಲಿ ದುಡಿದ ಮೊದಲ ಸಂಬಳವನ್ನು ಹಾಕಿದ್ದು ಅಲ್ಲೇ, ಪಿಂಚಣಿ ಬಂದು ಬೀಳುತ್ತಿದ್ದುದೂ ಅಲ್ಲೇ. ಒಮ್ಮೆ ಪಿಂಚಣಿ ಒಂದು ದಿನ ತಡವಾಗಿ ಗ್ಯಾಸ್ ಬಿಲ್ಲಿಗೆ ಹಣ ಸಾಲದೆ ಹೋಯಿತು. ಬ್ಯಾಂಕು ದಂಡ ಹಾಕಿತು. ಕೇಳೋಣವೆಂದು ಹೋದರೆ ಶಾಖೆಯನ್ನೇ ಶಾಶ್ವತವಾಗಿ ಮುಚ್ಚಿಬಿಟ್ಟಿದ್ದರು. ವಿಲ್ಫ್ ಮಳೆಯಲ್ಲಿ ನೆನೆದುಕೊಂಡು ಮನೆಗೆ ಬಂದ.

ಹೆಂಡತಿ ಈನಿಡ್‌ಗೆ ತಡೆಯಲಾಗಲಿಲ್ಲ. ಮಾರನೆಯ ದಿನವೇ ತನ್ನ ಹೆಸರಿನ ಖಾತೆಯನ್ನು ಬೇರೆ ಬ್ಯಾಂಕಿಗೆ ವರ್ಗಾಯಿಸಿದಳು. ಹೊಸದಾಗಿ ಬಂದವರಿಗೆಂದು ಆ ಬ್ಯಾಂಕಿನವರು ನೂರೆಪ್ಪತ್ತೈದು ಪೌಂಡ್ ಬಹುಮಾನ ಕೊಟ್ಟರು.

"ಹಂಗೆಲ್ಲಾ ಬ್ಯಾಂಕ್ ಬದಲಾಯಿಸ್ತಾರೇನೇ? ನಂಬಿಕೆ ಅನ್ನೋದು ಬೇಡ್ವಾ?" ಎಂದ ವಿಲ್ಫ್.

"ನಿನ್ನ ನಂಬಿಕೆಗೆ ಅವ್ರು ಏನ್ ಕೊಟ್ರೋ? ವರ್ಷಕ್ಕೊಂದು ಕ್ಯಾಲೆಂಡರ್. ಅದನ್ನೂ ನಿಲ್ಸಿದ್ರು."

ಆ ಹಣವನ್ನು ಅವಳು ಮನೆಗೆ ಬಳಸಲಿಲ್ಲ, ಯಾಕೆಂದು ವಿಲ್ಫ್‌ಗೆ ಹೇಳದೆ ಬೇರೆಯಾಗಿ ಎತ್ತಿಟ್ಟಳು. ವಿಲ್ಫ್‌ನ ತಮ್ಮ ಲೆನ್ ಇಪ್ಪತ್ತು ತುಂಬುವ ಮುಂಚೆಯೇ ಐಸ್‌ಲ್ಯಾಂಡಿನ ಬಳಿ ಸತ್ತಿದ್ದ. ಹಿಮ ಕಟ್ಟಿ ಭಾರವಾದ ಹಡಗು ಮಗುಚಿಕೊಂಡಿತ್ತು. ಹೆಣ ಸಿಗಲಿಲ್ಲ. ಆ ನೀರನ್ನೊಮ್ಮೆ ನೋಡಬೇಕೆಂದು ವಿಲ್ಫ್ ಹೇಳುತ್ತಲೇ ಮುದುಕನಾಗಿದ್ದ. ಕೈಯಲ್ಲಿ ಕಾಸಿದ್ದಾಗ ಮಕ್ಕಳಿದ್ದರು. ಮಕ್ಕಳು ದೊಡ್ಡವರಾದ ಮೇಲೆ ಕಾಸಿರಲಿಲ್ಲ.

ಈನಿಡ್ ಇನ್ನೊಂದು ಬ್ಯಾಂಕಿಗೆ ಹೋದಳು, ಆಮೇಲೆ ಮತ್ತೊಂದಕ್ಕೆ. ಕೆಲವು ತಿಂಗಳು ಅಲ್ಲಿದ್ದು, ಬಹುಮಾನ ಬಂದ ಮೇಲೆ ಮುಂದಿನ ಬಾಗಿಲು. ಬಿಂಗೋ ಆಟದ ಹಾಲ್‌ನಲ್ಲಿ ಪಕ್ಕದ ಮನೆಯ ಮೇವಿಸ್ ಎಲ್ಲರೆದುರು ಚುಚ್ಚಿದಳು: "ಈನಿಡ್ ಬ್ಯಾಂಕ್ ಬದಲಾಯಿಸೋ ಹಂಗೆ ನಾನು ಕಾಲುಚೀಲಾನೂ ಬದಲಾಯಿಸಲ್ಲಪ್ಪಾ!"

"ಅದು ಇಲ್ಲಿ ಕೂತ್ರೇನೇ ಮೂಗಿಗೆ ಗೊತ್ತಾಗತ್ತೆ, ಮೇವಿಸ್," ಎಂದಳು ಈನಿಡ್. ಹಾಲ್ ಇಡೀ ನಕ್ಕಿತು.

ಐದನೆಯ ಬ್ಯಾಂಕು ಅವಳನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಪಿಕಪ್ ಎಂಬ ಯುವ ಮ್ಯಾನೇಜರ್ ಕಂಪ್ಯೂಟರ್ ಪರದೆ ನೋಡಿ ಆಗದೆಂದು ತಲೆಯಾಡಿಸಿದ.

"ನೀವು ಬರೀ ಬಹುಮಾನಕ್ಕೋಸ್ಕರ ಬರ್ತಿರೋದು, ಮೇಡಂ."

"ಮತ್ತೆ? ನಿನ್ನ ಮುಖ ನೋಡೋಕ್ಕಾ? ಕಿಟಕಿ ತುಂಬಾ ಜಾಹೀರಾತು ಅಂಟಿಸಿರೋದು ನೀವು. ನಾನೇನು ಬಾಗ್ಲು ಮುರ್ಕೊಂಡು ಬಂದ್ನಾ?"

"ಯಾರಿಗೆ ಖಾತೆ ಕೊಡ್ಬೇಕು ಅನ್ನೋದು ನಮಗೆ ಬಿಟ್ಟದ್ದು."

ಮನೆಗೆ ಬಂದು ಈನಿಡ್ ಚಹಾಕ್ಕೆ ನೀರಿಟ್ಟಳು. ವಿಲ್ಫ್ ಕೇಳಿದಾಗ ಎಲ್ಲವನ್ನೂ ಹೇಳಿದಳು, ಅಳಲಿಲ್ಲ. ಆದರೆ ಐಸ್‌ಲ್ಯಾಂಡಿನ ಟಿಕೆಟ್ಟಿಗೆ ಇನ್ನೂ ಸ್ವಲ್ಪ ಕಡಿಮೆ ಬೀಳುತ್ತದೆ ಎಂದಾಗ ಅವಳ ದನಿ ಒಡೆಯಿತು. ಆ ದುಡ್ಡು ಯಾತಕ್ಕೆಂದು ವಿಲ್ಫ್‌ಗೆ ತಿಳಿದದ್ದು ಆಗಲೇ.

ಬೆಳಿಗ್ಗೆ ಅವನು ಮದುವೆ ಸಾವುಗಳಿಗೆ ಮಾತ್ರ ಹಾಕುವ ಸೂಟು ತೊಟ್ಟು, ಅದೇ ಬ್ಯಾಂಕಿಗೆ ಹೋಗಿ ಪಿಕಪ್‌ನ ಎದುರು ಕುಳಿತ. ಇಷ್ಟು ಹಳೆಯ ಖಾತೆ ತಾನಾಗಿಯೇ ನಡೆದು ಬಂದದ್ದು ಕಂಡು ಪಿಕಪ್‌ಗೆ ಹಿಗ್ಗು.

"ಇಷ್ಟು ವರ್ಷ ಒಂದೇ ಕಡೆ ಇದ್ರಿ. ನಮ್ಮನ್ನೇ ಯಾಕೆ ಆರಿಸ್ಕೊಂಡ್ರಿ, ಸರ್?"

"ನಿನ್ನೆ ನನ್ನ ಹೆಂಡ್ತೀನ ವಾಪಸ್ ಕಳಿಸಿದ್ಯಲ್ಲಪ್ಪಾ, ಅದಕ್ಕೇ. ಬಹುಮಾನ ಬಂದ ದಿನವೇ ಹೊರಟುಹೋಗ್ತೀನಿ. ಈಗ್ಲೇ ಹೇಳಿದೀನಿ, ಆಮೇಲೆ ಮೋಸ ಅನ್ಬೇಡ."

ಪಿಕಪ್‌ನ ಮುಖ ಕೆಂಪಾಯಿತು. ಆದರೆ ವಿಲ್ಫ್‌ನ ಹೆಸರಿನಲ್ಲಿ ತಿರಸ್ಕರಿಸಲು ಏನೂ ಸಿಗಲಿಲ್ಲ. ಬಹುಮಾನ ಬಂದಿತು, ವಿಲ್ಫ್ ಹೇಳಿದಂತೆಯೇ ಆ ಬ್ಯಾಂಕು ಬಿಟ್ಟು ಹೊರಟ.

ಮೇ ತಿಂಗಳಲ್ಲಿ ಇಬ್ಬರೂ ಐಸ್‌ಲ್ಯಾಂಡಿನ ವಾಯವ್ಯ ತುದಿಯ ದಡದಲ್ಲಿ ನಿಂತರು. ಗಾಳಿ ಟೋಪಿಯನ್ನು ಕಿತ್ತುಕೊಳ್ಳುತ್ತಿತ್ತು. ವಿಲ್ಫ್ ಹೂವು ತಂದಿರಲಿಲ್ಲ, ಪ್ರಾರ್ಥನೆಯನ್ನೂ ಮಾಡಲಿಲ್ಲ. ಬೂಟು ತೆಗೆದು, ಪ್ಯಾಂಟು ಮಡಚಿ, ಈನಿಡ್ ಬೈಯುತ್ತಿದ್ದಂತೆಯೇ ಮೊಣಕಾಲಿನವರೆಗೆ ಆ ಕೊರೆಯುವ ನೀರಿಗಿಳಿದ.

"ಲೆನ್! ಬಂದ್ನಪ್ಪಾ," ಎಂದು ಕೂಗಿದ. "ತಡ ಆಯ್ತು, ಆದ್ರೂ ಬಂದೆ ಕಣೋ!"