ಕರೆದುಕೊಂಡು ಬಂದಿದ್ದೇನೆ

ಟೈಲರ್‌ನ ತೋಳಿಗೆ ಕೆಂಪು ದಾರದ ತುಂಡೊಂದು ಅಂಟಿಕೊಂಡಿದೆ, ಅವನು ಕೈ ಆಡಿಸಿದಾಗಲೆಲ್ಲ ಅದೂ ಆಡುತ್ತದೆ, ತೆಗಿಯಪ್ಪ ಅದನ್ನ ಅನ್ನಬೇಕು ಅಂದುಕೊಂಡೆ, ಅಷ್ಟರಲ್ಲಿ ಏನು ಹೇಳುತ್ತಿದ್ದೆನೋ ಅದೇ ಕೈತಪ್ಪಿಹೋಯಿತು — ಬೋರ್ಡಿನ ಮೇಲೆ ನನ್ನದೇ ಅಕ್ಷರ, ಐ ಹ್ಯಾವ್ ಲಾಸ್ಟ್ ಮೈ ಕೀ, ಅದರ ಕೆಳಗೆ ಐ ಲಾಸ್ಟ್ ಮೈ ಕೀ, ಹಾಂ, ಇದೇ, ಇದನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ, ಜೀವಮಾನವಿಡೀ ಇದೇ ಕೀಲಿಕೈ ಕಳೆದುಕೊಂಡು ಅನ್ನ ತಿಂದವನು ನಾನು. ನೋಡಪ್ಪ, ಮೊದಲನೇದರಲ್ಲಿ ಕೀ ಇನ್ನೂ ಸಿಕ್ಕಿಲ್ಲ, ಮನುಷ್ಯ ಬಾಗಿಲಾಚೆ ನಿಂತಿದಾನೆ, ಅದು ಪ್ರೆಸೆಂಟ್ ಪರ್ಫೆಕ್ಟ್. ಎರಡನೇದು ಮುಗಿದ ಕಥೆ, ಸಿಂಪಲ್ ಪಾಸ್ಟ್, ಕೀ ಸಿಕ್ಕಿರಬಹುದು, ಆ ಮನೇನೇ ಮಾರಿರಬಹುದು, ನಮಗೇನು. ಟೈಲರ್ ತಲೆ ತುರಿಸಿಕೊಳ್ಳುತ್ತಾನೆ, ಪಾಪ, ಹೊರದೇಶದ ಹೋಟೆಲಿನಲ್ಲಿ ಸಮವಸ್ತ್ರ ಹೊಲಿಯುವ ಕೆಲಸಕ್ಕೆ ಮುಂದಿನ ವಾರ ಇಂಟರ್‌ವ್ಯೂ, ಇವನೋ ಇನ್ನೂ ಐ ಹ್ಯಾವ್ ಕಮ್ ಯೆಸ್ಟರ್‌ಡೇ ಅನ್ನುತ್ತಾನೆ, ನಮ್ಮವರೆಲ್ಲ ಅನ್ನುವುದೇ ಹಾಗೆ, ನಿನ್ನೆ ಬಂದಿದ್ದೀನಿ ಅಂದರೆ ನಮ್ಮ ಮಾತಿನಲ್ಲಿ ಯಾರೂ ಕಿವಿ ಹಿಂಡುವುದಿಲ್ಲ, ಇಂಗ್ಲಿಷಿನವನು ಹಿಂಡುತ್ತಾನೆ, ನಿನ್ನೆ ಅನ್ನೋ ಪದ ಬಾಯಿಗೆ ಬಂತೋ ಹ್ಯಾವ್ ಬಿಟ್ಟುಬಿಡು, ಬರೆದುಕೋ. ಸಾರ್, ನಾನು ಗಿರಾಕಿಗಳಿಗೆ ದಿನಾ ಹೇಳ್ತೀನಲ್ಲ, ಹೊಲಿದಿದ್ದೀನಿ ಮೇಡಂ, ಗುಂಡಿ ಒಂದು ಬಾಕಿ ಅಂತ, ಬಟ್ಟೆಗೆ ಇನ್ನೂ ಕತ್ತರೀನೇ ಹಾಕಿರಲ್ಲ, ಅದು ಯಾವ ಟೆನ್ಸು? ಅದಕ್ಕೆ ಟೆನ್ಸ್ ಇಲ್ಲಯ್ಯ, ಸುಳ್ಳು ಅಂತಾರೆ. ಇಬ್ಬರೂ ನಕ್ಕೆವು. ನಗು ನಿಂತ ಮೇಲೆ ಅವನು ಒಳಗೆ ಇಣುಕಿ ಅಂದ, ಪಿಟೀಲು ಎಲ್ಲಿ ಸಾರ್, ಇವತ್ತು ಸದ್ದೇ ಇಲ್ಲ? ಪಿಟೀಲು ಅಂದರೆ ನನ್ನ ಮೊಮ್ಮಗಳು, ಐದು ವರ್ಷ, ಬೇಕು ಅಂದದ್ದು ಸಿಗುವ ತನಕ ಒಂದೇ ಸಮನೆ ಕುಯ್ಯುತ್ತಾಳೆ ಅಂತ ನಾನೇ ಇಟ್ಟ ಹೆಸರು. ಮಲಗಿದ್ದಾಳೆ, ಅಂದುಬಿಟ್ಟೆ. ಎಷ್ಟು ಸಲೀಸಾಗಿ ಬಂತು ಬಾಯಿಗೆ. ಮಲಗಿದ್ದಾಳೆ.

ಮಲಗಿದ್ದಾಳೆಯೇ? ನೀರು ಕುಡಿದು ಬರ್ತೀನಿ ಇರು, ಎದ್ದು ಒಳಗೆ ಬಂದಿದ್ದೇನೆ, ಹಾಸಿಗೆ ಮುದುಡಿದೆ, ದಿಂಬಿನಲ್ಲಿ ತಲೆಯ ಗುಳಿ, ಕೈ ಇಟ್ಟೆ, ತಣ್ಣಗಿದೆ, ಇದು ನನ್ನ ತಲೆಯದೋ ಅವಳದೋ, ಪುಟ್ಟೀ, ಮೆಲ್ಲಗೆ ಕರೆಯುತ್ತೇನೆ, ಟೈಲರ್‌ಗೆ ಕೇಳಿಸಬಾರದು, ಮಂಚದ ಕೆಳಗೆ, ಬಾಗಿಲ ಹಿಂದೆ, ಬಚ್ಚಲಲ್ಲಿ, ಅಲ್ಲಿ ಬಕೆಟ್ಟು ಬಿಟ್ಟರೆ ಏನೂ ಇಲ್ಲ. ಗಾಬರಿಯಾಗಬೇಡ, ಒಂದೊಂದಾಗಿ ನೋಡು. ದಿನಾ ಶಾಲೆ ಬಿಡುವ ಹೊತ್ತಿಗೆ ಹೋಗಿ ಅವಳನ್ನು ಕರೆದುಕೊಂಡು ಬರುವವನು ನಾನು, ಇದು ನಿತ್ಯದ್ದು. ಇವತ್ತು ಕರೆದುಕೊಂಡು ಬಂದಿದ್ದೇನೆ ಅಂತಾದರೆ ಅವಳು ಇಲ್ಲಿರಬೇಕು, ಬಂದಿದ್ದೇನೆ ಅಂದಮೇಲೆ ಬಂದದ್ದು ಕಣ್ಣೆದುರಿಗೆ ಇರಬೇಕು. ಸಿಂಕಿನಲ್ಲಿ ಎರಡು ತಟ್ಟೆ, ಬೆಳಗಿನದೋ ಮಧ್ಯಾಹ್ನದ್ದೋ, ಬೆರಳಾಡಿಸಿದೆ, ಅನ್ನ ಒಣಗಿ ಅಂಟಿದೆ, ಏನಂತ ತಿಳಿಯುವುದು. ಬಾಗಿಲ ಬಳಿ ಚಿಕ್ಕ ಚಪ್ಪಲಿ ಇದೆ, ಅಬ್ಬ, ಇದೆ — ಅಯ್ಯೋ ಪೆದ್ದ, ಶಾಲೆಗೆ ಹೋಗುವುದು ಬೂಟು ಹಾಕಿಕೊಂಡು. ಆದರೆ ನೆನಪಿದೆಯಲ್ಲ, ಆಣೆ ಮಾಡಿ ಹೇಳುತ್ತೇನೆ ನೆನಪಿದೆ, ದೊಡ್ಡ ರಸ್ತೆ, ಅವಳು ಕೈ ಎತ್ತಿಕೊಂಡು ಬರುತ್ತಿದ್ದಾಳೆ, ಬಸ್ಸಿನವನಿಗೆ ಕಾಣೋ ಹಾಗೆ ಎತ್ತಬೇಕು ಅಂತ ನಾನೇ ಕಲಿಸಿದ್ದು, ಐದೂ ಬೆರಳು ಅಗಲಿಸಿ, ಹಣೆ ಗಂಟಿಕ್ಕಿಕೊಂಡು, ಮುಂದಿನ ಹಲ್ಲಿನ ಜಾಗ ಖಾಲಿ, ಬಸ್ಸು ಬುಸ್ಸೆಂದು ನಿಂತಿದೆ, ಹಲ್ಲು ಬಿದ್ದದ್ದು ಮೊನ್ನೆ ಮೊನ್ನೆ, ಹಾಗಾದರೆ ಇದು ಹಳೆಯದಲ್ಲ, ಇವತ್ತಿನದೇ, ರಸ್ತೆ ದಾಟಿಯಾಗಿದೆ, ಹಾಗಾದರೆ ಮನೆಯಲ್ಲೇ ಇರಬೇಕು, ಎಲ್ಲೋ ಬಚ್ಚಿಟ್ಟುಕೊಂಡಿದ್ದಾಳೆ, ಕಳ್ಳಿ, ಪುಟ್ಟೀ, ಸಾಕು ಬಾರೇ, ತಾತ ಸೋತುಹೋದ. ಯಾರೂ ನಗುವುದಿಲ್ಲ. ಫೋನು ಕೈಗೆತ್ತಿಕೊಂಡೆ, ಮಗಳ ಹೆಸರೇ ಮೇಲಿದೆ, ಆಸ್ಪತ್ರೆಯಲ್ಲಿ ಯಾರಿಗೋ ಡ್ರಿಪ್ ಹಾಕುತ್ತಿರುತ್ತಾಳೆ, ಫೋನು ಮಾಡಿ ಏನು ಕೇಳಲಿ, ಅಮ್ಮಾ ನಿನ್ನ ಮಗಳು ಎಲ್ಲಿ ಅಂತ ಕೇಳಲೇ? ಮೊನ್ನೆ ಹಾಲಿನ ಪಾತ್ರೆ ಕರಿಕಲಾಗಿ ಮನೆಯೆಲ್ಲ ಹೊಗೆ ತುಂಬಿದಾಗ ಅವಳು ಕೂಗಾಡಲಿಲ್ಲ, ಕೂಗಾಡಿದ್ದರೆ ಚೆನ್ನಾಗಿತ್ತು, ಪಾತ್ರೆ ಉಜ್ಜುತ್ತಾ ಬೆನ್ನು ತಿರುಗಿಸಿಕೊಂಡೇ ಅಂದಳು, ಅಪ್ಪ, ಗಂಡ ಅನ್ನಿಸಿಕೊಂಡೋನು ಬಿಟ್ಟು ಹೋದ, ನೀನಿದ್ದೀಯ ಅಂತ ನಾನು ಡ್ಯೂಟಿಗೆ ಹೋಗ್ತಿದ್ದೀನಿ, ಇನ್ನೊಂದ್ ಸಲ ಹೀಗಾದ್ರೆ ಪಾಪೂನ ನಿನ್ನ ಕೈಲಿ ಬಿಡೋಕಾಗಲ್ಲಪ್ಪ. ಹಾಲು ಯಾರಾದರೂ ಮರೆಯುತ್ತಾರೆ ಕಣಮ್ಮ, ಅಂದಿದ್ದೆ. ಹಾಲು ಯಾರಾದರೂ ಮರೆಯುತ್ತಾರೆ. ಮಗುವನ್ನು ಯಾರು ಮರೆಯುತ್ತಾರೆ, ದೇವರೇ, ಯಾವ ಪಾಪಿ ಮರೆಯುತ್ತಾನೆ.

ಟೈಲರ್ ಬಾಗಿಲಲ್ಲಿ ನಿಂತಿದ್ದಾನೆ, ಯಾಕ್ ಸಾರ್, ಬೆವರ್ತಾ ಇದೀರ. ಹೇಳಬಾರದು, ಮಾನ ಹೋಗುತ್ತದೆ, ಮಾನ ಹಾಳಾಗಿ ಹೋಗಲಿ — ನಾನು ಅವಳನ್ನ ಕರ್ಕೊಂಡು ಬಂದಿದ್ದೀನೇನಪ್ಪ? ನೀನು ಬಂದಾಗ ಇದ್ಲಾ? ಅವನ ಮುಖ ನೋಡಬೇಕಿತ್ತು, ಮೇಷ್ಟ್ರು ತಮಾಷೆ ಮಾಡುತ್ತಿದ್ದಾರೆ ಅಂತ ಮೊದಲು ಬಾಯಿ ಅರ್ಧ ನಕ್ಕಿತು, ಆಮೇಲೆ ಅಲ್ಲೇ ನಿಂತುಹೋಯಿತು, ನಾನು ಬಂದಾಗ ನೀವೊಬ್ರೇ ಇದ್ರಿ ಸಾರ್, ಬೋರ್ಡ್ ಒರೆಸ್ತಾ ಇದ್ರಿ. ನಡೀರಿ, ಚಪ್ಪಲಿ ಹಾಕ್ಕೊಳ್ಳಿ, ಬರಿಗಾಲಲ್ಲಿ ಎಲ್ಲಿಗೆ ಹೋಗ್ತೀರ. ಬೀದಿ, ಬಿಸಿಲು, ಅವನು ನನ್ನ ಮೊಣಕೈ ಹಿಡಿದಿದ್ದಾನೆ, ನಾನೇ ಮಗುವಾದೆ, ದೊಡ್ಡ ರಸ್ತೆ, ಲಾರಿ, ಬಸ್ಸು, ಆಟೋ, ಇಲ್ಲಿ ಹೇಗೆ ದಾಟುತ್ತದೆ ಐದು ವರ್ಷದ ಜೀವ, ಎತ್ತಿದ ಕೈ, ಐದು ಬೆರಳು, ಬಸ್ಸು ನಿಂತಿದೆ, ಇಲ್ಲೇ ತಾನೇ, ದಾಟಿ ಬಂದದ್ದು ಇಲ್ಲೇ ತಾನೇ. ಹೋಗಿಯೇ ಇಲ್ಲ ಅಂತ ಆಗಲಿ, ಕರೆಯಲು ಹೋಗುವುದನ್ನೇ ಮರೆತಿದ್ದೇನೆ ಅಂತ ಆಗಲಿ, ಅವಳು ಶಾಲೆಯ ಗೇಟಿನ ಒಳಗೆ ಅಳುತ್ತಾ ಕೂತಿರಲಿ, ಅತ್ತರೆ ಅಳಲಿ, ಇರಲಿ, ಇದ್ದರೆ ಸಾಕು. ಗೇಟಿಗೆ ಬೀಗ. ವಾಚ್‌ಮನ್ ಕುರ್ಚಿಯಿಂದ ಎದ್ದ. ಆಗ್ಲೇ ಕರ್ಕೊಂಡು ಹೋದ್ರಲ್ಲ ಸಾರ್, ನಂಗೆ ಟಾಟಾ ಬೇರೆ ಮಾಡಿದ್ಲು. ನಾನಾ? ನೀವೇ ಸಾರ್, ಇನ್ಯಾರು. ಕರ್ಕೊಂಡು ಹೋದ್ರಿ. ಕರೆದುಕೊಂಡು ಹೋದೆ. ಹಾಗಾದರೆ ಮುಗಿದ ಕಥೆ. ಕೈ ಹಿಡಿದು ಇಲ್ಲಿಂದ ಹೊರಟೆ, ಮನೆಗೆ ಒಬ್ಬನೇ ಹೋಗಿ ಬೋರ್ಡ್ ಒರೆಸಿದೆ, ನಡುವೆ ಎಲ್ಲೋ ಒಂದು ಕಡೆ ಕೈ ಬಿಟ್ಟೆ, ಎಲ್ಲಿ, ಯಾಕೆ, ತಲೆಗೆ ಹೊಡೆದುಕೊಳ್ಳುತ್ತೇನೆ, ಟೈಲರ್ ಕೈ ಹಿಡಿಯುತ್ತಾನೆ, ಬೇಡಿ ಸಾರ್, ಮೈಯೆಲ್ಲ ಚಾಕ್‌ಪೀಸ್ ಪುಡಿ — ಚಾಕ್‌ಪೀಸ್. ನಿಲ್ಲು. ಉದ್ದನೆಯ ಹೊಸ ಚಾಕ್‌ಪೀಸಿನಲ್ಲಿ ಬರೆದೆ ಇವತ್ತು, ಬೆಳಗ್ಗೆ ಡಬ್ಬಿಯಲ್ಲಿದ್ದದ್ದು ಬೆರಳಿಗೆ ಸಿಗದ ಚೂರುಗಳು. ಎಲ್ಲಿಂದ ಬಂತು ಹೊಸದು? ಹಿಂದಿನ ಬೀದಿ, ಪುಸ್ತಕದ ಅಂಗಡಿ, ಓಡು, ಓಡಯ್ಯ ನೀನು ಮುಂದೆ ಓಡು, ನನ್ನನ್ನ ಕಾಯಬೇಡ.

ಏನ್ ಮೇಷ್ಟ್ರೇ, ಒಂದು ಡಬ್ಬಿ ಚಾಕ್‌ಪೀಸ್‌ಗೆ ಮೊಮ್ಮಗಳನ್ನ ಅಡ ಇಟ್ಟು ಹೋದ್ರಾ? ಅಂಗಡಿಯವನು ನಗುತ್ತಿದ್ದಾನೆ, ನಗಲಿ, ಅವನ ಹೊಟ್ಟೆ ತಣ್ಣಗಿರಲಿ, ಸ್ಟೂಲಿನ ಮೇಲೆ ಕೂತಿದ್ದಾಳೆ, ಬೂಟು ನೆಲಕ್ಕೆ ತಾಗದೆ ಜೋಲಾಡುತ್ತಿವೆ, ಇದ್ದಾಳೆ, ಇದ್ದಾಳಲ್ಲಪ್ಪ, ನನ್ನ ಬಂಗಾರ, ನನ್ನ ಪಿಟೀಲು, ಮೊಣಕಾಲೂರಿ ತಬ್ಬಿಕೊಂಡಿದ್ದೇನೆ, ಬಿಸಿ ಕತ್ತು, ಪೆನ್ಸಿಲ್ ರಬ್ಬರಿನ ವಾಸನೆ. ಯಾಕ್ ತಾತ ಅಳ್ತಿದೀಯ, ಇಲ್ಲೇ ಕೂತಿರು, ಬಂದೆ ಅಂದ್ಯಲ್ಲ, ನಾನು ಕೂತೇ ಇದೀನಿ. ಬಂದೆ ಅಂದಿದ್ದೆನಂತೆ, ಎದ್ದು ಹೋಗುವವನು ಬಂದೆ ಅನ್ನುವ ಜನ ನಾವು, ಅದನ್ನು ನಂಬಿ ಕೂತಿತ್ತು ಮಗು. ಸರಿ, ಆಯಿತು, ಸಿಕ್ಕಳು, ಟೈಲರ್ ಬಾಯಿ ಬಿಡುವವನಲ್ಲ, ಅಂಗಡಿಯವನಿಗೆ ಏನೋ ಒಂದು ಹೇಳಿದರಾಯಿತು, ಮಗಳಿಗೆ ತಿಳಿಯಬೇಕಾಗಿಲ್ಲ, ಇದೊಂದು ಸಲ, ನಾಳೆಯಿಂದ ಕೈಗೆ ಕೈ ಕಟ್ಟಿಕೊಂಡಾದರೂ ಬರುತ್ತೇನೆ, ಇದೊಂದೇ ಸಲ ತಾನೇ. ಪುಟ್ಟೀ, ಅಮ್ಮಂಗೆ — ಹೇಳಲ್ಲ ತಾತ, ನಂಗೊತ್ತು, ನಿನ್ನೇದೂ ಹೇಳಿಲ್ಲ. ನಿನ್ನೇದು ಏನು? ಅವಳು ನನ್ನ ಕೆನ್ನೆ ಒರೆಸುತ್ತಾ ಹೇಳುತ್ತಾಳೆ, ನಿನ್ನೆ ನೀನು ನನ್ ಕೈ ಬಿಟ್ಟು ಒಬ್ನೇ ದಾಟ್ಬಿಟ್ಟೆ, ನಾನು ಆ ಕಡೆನೇ ಉಳ್ಕೊಂಡೆ, ತಾತಾ ಅಂತ ಎಷ್ಟು ಕೂಗ್ದೆ ಗೊತ್ತಾ, ನೀನು ಸುಮ್ನೆ ನೋಡ್ತಾ ನಿಂತಿದ್ದೆ, ಆಮೇಲೆ ನಾನೇ ಬಂದೆ, ಕೈ ಎತ್ಕೊಂಡು, ನೀನು ಹೇಳ್ಕೊಟ್ಟಿದ್ದೀಯಲ್ಲ, ಹಾಗೆ. ನಿನ್ನೆ. ಕೈ ಹಿಡಿದು ಪಕ್ಕದಲ್ಲಿ ನಡೆಯುವವನಿಗೆ ಅವಳ ಹಣೆಯ ಗಂಟು ಎಲ್ಲಿ ಕಾಣುತ್ತದೆ, ಹಲ್ಲಿನ ಸಂದು ಎಲ್ಲಿ ಕಾಣುತ್ತದೆ, ನಾನು ಈ ಕಡೆ ನಿಂತಿದ್ದೆ, ಹೌದು, ಬಿಸಿಲಿಗೆ ಕೈ ಅಡ್ಡ ಹಿಡಿದು ನೋಡಿದ್ದೆ, ಯಾರ ಮಗುವಪ್ಪ ಇದು, ಹೆತ್ತವರಿಗೆ ಬುದ್ಧಿ ಬೇಡವೇ, ಒಂದೇ ಬರುತ್ತಿದೆ ಅಂದುಕೊಂಡಿದ್ದೆ, ಯಾರ ಮಗು — ಎತ್ತಿದ ಕೈ, ಐದೂ ಬೆರಳು ಅಗಲಿಸಿ, ಹಿಂದೆ ಬಸ್ಸು — ಯಾರ ಮಗುವಪ್ಪ ಇದು — ಎತ್ತಿದ ಕೈ — ಐದು ಬೆರಳು —